ಕರಣೆ ಹಿಡಿಯದ ಪದವಿ

ಪುರಾತತ್ತ್ವದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಕೆಲಸಕ್ಕೆ ಅರ್ಜಿ ಹಾಕುವಾಗ ಲಗತ್ತಿಸುವ ಇಂಟರ್ನ್‌ಶಿಪ್ ಪ್ರಮಾಣಪತ್ರವನ್ನು ನೀವು ನೋಡಿರಬಹುದು. ಇಂಥವರು ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ನಮ್ಮಲ್ಲಿ ತರಬೇತಿ ಪಡೆದಿರುತ್ತಾರೆ, ಅವರ ನಡತೆ ತೃಪ್ತಿಕರವಾಗಿತ್ತು ಎಂದು ಅದರಲ್ಲಿ ಇರುತ್ತದೆ. ಕೆಳಗೆ ಸಹಿ, ಪಕ್ಕದಲ್ಲಿ ಮೊಹರು. ಆ ದಿನಗಳಲ್ಲಿ ಅಭ್ಯರ್ಥಿ ಏನನ್ನು ಕಲಿತರು, ಏನನ್ನು ಸ್ವತಃ ಮಾಡಿದರು, ಮಾಡಿದ್ದು ಸರಿ ಇತ್ತೆ ಎಂಬ ಬಗ್ಗೆ ಒಂದು ಅಕ್ಷರವೂ ಇರುವುದಿಲ್ಲ. ನರ್ಸಿಂಗ್ ವಿದ್ಯಾರ್ಥಿನಿಯ ದಾಖಲೆ ಪುಸ್ತಕವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಎಷ್ಟು ಹೆರಿಗೆಗಳಲ್ಲಿ ನೆರವಾದಳು, ಎಷ್ಟು ಗಾಯಗಳಿಗೆ ಪಟ್ಟಿ ಕಟ್ಟಿದಳು ಎಂಬುದಕ್ಕೆ ಒಂದೊಂದಕ್ಕೂ ಮೇಲ್ವಿಚಾರಕಿಯ ಸಹಿ ಅಲ್ಲಿ ಇರುತ್ತದೆ. ಐಟಿಐನ ಫಿಟ್ಟರ್ ಹುಡುಗ ಕೂಡ ತಾನೇ ಅರದಿಂದ ಉಜ್ಜಿದ ಕಬ್ಬಿಣದ ತುಂಡನ್ನು ತೋರಿಸಿ ಅಂಕ ಪಡೆಯುತ್ತಾನೆ. ಪುರಾತತ್ತ್ವದ ಪದವೀಧರ ಮಾತ್ರ ನಡತೆಯನ್ನಷ್ಟೇ ತೋರಿಸಬೇಕು.

ಇದು ಬರಿಯ ಕಾಗದದ ಕೊರತೆಯಾಗಿದ್ದರೆ ವಿಜ್ಞಾನ ಪತ್ರಿಕೆಯಲ್ಲಿ ಇಷ್ಟು ಪುಟ ಬೇಕಿರಲಿಲ್ಲ. ಪುರಾತತ್ತ್ವವು ಒಂದು ಪ್ರಾಯೋಗಿಕ ವಿಜ್ಞಾನ. ಆದರೆ ಅದರ ಪ್ರಯೋಗವನ್ನು ಎರಡನೆಯ ಸಲ ಮಾಡಿ ನೋಡಲು ಬರುವುದಿಲ್ಲ. ರಸಾಯನಶಾಸ್ತ್ರದ ವಿದ್ಯಾರ್ಥಿಯ ಕೈಯಲ್ಲಿ ಪ್ರನಾಳ ಒಡೆದರೆ ಇನ್ನೊಂದನ್ನು ತರಬಹುದು. ಅಗೆದು ತೆಗೆದ ಮಣ್ಣಿನ ಪದರನ್ನು ಮತ್ತೆ ಜೋಡಿಸಲಾಗದು. ಹೀಗಿರುವಾಗ ಈ ವಿಷಯದಲ್ಲಿ ತರಬೇತಿ ಉಳಿದೆಲ್ಲ ವಿಷಯಗಳಿಗಿಂತ ಬಿಗಿಯಾಗಿರಬೇಕಿತ್ತು. ನಮ್ಮಲ್ಲಿ ಅದು ಎಲ್ಲಕ್ಕಿಂತ ಸಡಿಲವಾಗಿದೆ.

ಈ ಮಾತನ್ನು ಹುಬ್ಬಳ್ಳಿ-ಧಾರವಾಡವನ್ನು ಎದುರಿಗೆ ಇಟ್ಟುಕೊಂಡು ನೋಡೋಣ. ಪುರಾತತ್ತ್ವ ಕಲಿಯಲು ಇದಕ್ಕಿಂತ ಒಳ್ಳೆಯ ಊರು ಕರ್ನಾಟಕದಲ್ಲಿ ಸಿಗುವುದು ಕಷ್ಟ. 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆ ಮತ್ತು ಅದರ ವಸ್ತುಸಂಗ್ರಹಾಲಯ ಇಲ್ಲಿವೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸ, ಪುರಾತತ್ತ್ವ, ಶಾಸನಶಾಸ್ತ್ರಗಳ ಅಧ್ಯಯನ ದಶಕಗಳಿಂದ ನಡೆದಿದೆ. ಆರ್.ಎಸ್. ಪಂಚಮುಖಿ, ಪಿ.ಬಿ. ದೇಸಾಯಿ, ಶ್ರೀನಿವಾಸ ರಿತ್ತಿ, ಅ. ಸುಂದರ, ಷ. ಶೆಟ್ಟರ್, ರವಿ ಕೋರಿಶೆಟ್ಟರ್ ಮೊದಲಾದವರು ಕೆಲಸ ಮಾಡಿದ ನೆಲ ಇದು. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಧಾರವಾಡ ವೃತ್ತದ ಕಚೇರಿಯೂ ಇಲ್ಲಿಯೇ ಇದೆ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ನಗರ ಸಾರಿಗೆಯ ದಾರಿಯಲ್ಲಿ ಸಿಗುತ್ತದೆ. ಅಣ್ಣಿಗೇರಿ, ಲಕ್ಕುಂಡಿಗಳಿಗೆ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದರೆ ಸಂಜೆಗೆ ಮರಳಿ ಬರಬಹುದು. ಮಲಪ್ರಭಾ ಕಣಿವೆಯ ಶಿಲಾಯುಗದ ಆಯುಧಗಳ ಬಗ್ಗೆ ಆರ್.ವಿ. ಜೋಶಿ ಅವರ ಗ್ರಂಥ 1955ರಷ್ಟು ಹಿಂದೆಯೇ ಬಂದಿದೆ. ಇಷ್ಟಿದ್ದೂ ಈ ಊರಿನಿಂದ ಹೊರಬೀಳುವ ಹೊಸ ಪದವೀಧರನಿಗೆ ಒಂದು ಕಂದಕದ ಗೋಡೆಯನ್ನು ನೋಡಿ ಅದರ ಛೇದಚಿತ್ರವನ್ನು ಅಳತೆಗೆ ತಕ್ಕಂತೆ ಬರೆಯಲು ಬಂದೇ ಬರುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು. ಇದು ಒಂದು ವಿಭಾಗದ ಅಥವಾ ಒಬ್ಬ ಅಧ್ಯಾಪಕರ ತಪ್ಪಲ್ಲ. ವ್ಯವಸ್ಥೆಯ ಕಟ್ಟೋಣವೇ ಹಾಗಿದೆ.

ಹೇಗೆ ಎಂದು ಕೇಳುತ್ತೀರಾ? ಮೊದಲು ಕ್ಯಾಲೆಂಡರನ್ನು ನೋಡಿ. ನಮ್ಮ ಭಾಗದಲ್ಲಿ ಅಗೆತಕ್ಕೆ ಹದವಾದ ಕಾಲವೆಂದರೆ ಮಳೆ ನಿಂತು ನೆಲ ಆರಿದ ಮೇಲೆ, ಸುಮಾರು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಎರಡನೆಯ ಮತ್ತು ನಾಲ್ಕನೆಯ ಸೆಮಿಸ್ಟರುಗಳ ಪಾಠ, ಆಂತರಿಕ ಪರೀಕ್ಷೆ, ವಾರ್ಷಿಕ ಪರೀಕ್ಷೆ ಎಲ್ಲವೂ ಹೆಚ್ಚುಕಡಿಮೆ ಇದೇ ತಿಂಗಳುಗಳಲ್ಲಿ ಬರುತ್ತವೆ. ಇನ್ನು ಉತ್ಖನನ ನಡೆಸಲು ವಿಶ್ವವಿದ್ಯಾಲಯಕ್ಕೆ ಸರ್ವೇಕ್ಷಣಾ ಇಲಾಖೆಯ ಪರವಾನಗಿ ಬೇಕು, ಹಣ ಬೇಕು, ಹೊಲದ ಮಾಲೀಕನ ಒಪ್ಪಿಗೆ ಬೇಕು. ಇವೆಲ್ಲ ಕೂಡಿಬರುವ ವರ್ಷ ಎಂದೋ ಒಮ್ಮೆ ಬರುತ್ತದೆ. ಎರಡು ವರ್ಷದ ತರಗತಿಯೊಂದು ಒಂದೂ ಉತ್ಖನನ ಕಾಣದೆ ಪದವಿ ಪಡೆದು ಹೋಗಬಹುದು. ಮುಂದಿನ ತರಗತಿಯ ಅದೃಷ್ಟ ಬೇರೆಯಾಗಿರಬಹುದು. ವೃತ್ತಿಶಿಕ್ಷಣವನ್ನು ಅದೃಷ್ಟದ ಮೇಲೆ ಬಿಡುವುದನ್ನು ಬೇರೆ ಯಾವ ವಿಜ್ಞಾನ ಶಾಖೆಯಲ್ಲಿ ನಾವು ಒಪ್ಪುತ್ತೇವೆ?

ಆಮೇಲೆ ಪರೀಕ್ಷೆ. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಪುರಾತತ್ತ್ವ ಪ್ರತ್ಯೇಕ ವಿಷಯವಾಗಿದೆ, ಆದರೆ ಅಲ್ಲಿ ಇರುವುದೆಲ್ಲ ಬಹುಆಯ್ಕೆಯ ಪ್ರಶ್ನೆಗಳು. ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದವರು ಯಾರು, ಯಾವ ವರ್ಷ ಎಂದು ಕೇಳಿದರೆ ವೀಲರ್, 1947 ಎಂದು ಗುರುತು ಹಾಕಬಹುದು. ವೀಲರ್ ಅಲ್ಲಿ ಏನು ಮಾಡಿದರು ಎಂಬುದಕ್ಕೆ ಅಂಕವಿಲ್ಲ. ವಿಪರ್ಯಾಸವೆಂದರೆ ಮಾರ್ಟಿಮರ್ ವೀಲರ್ ಭಾರತಕ್ಕೆ ಬಂದು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ತರಬೇತಿಯೇ. 1944ರಲ್ಲಿ ಸರ್ವೇಕ್ಷಣೆಯ ಮಹಾನಿರ್ದೇಶಕರಾದ ಅವರು ಅದೇ ವರ್ಷ ತಕ್ಷಶಿಲೆಯಲ್ಲಿ ಶಿಬಿರ ತೆರೆದರು. ಅರಿಕಮೇಡು ಮತ್ತು ನಮ್ಮ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲೂ ಉತ್ಖನನದ ಜೊತೆಗೇ ಕಲಿಕೆ ನಡೆಯಿತು. ಅವರ ಧಾಟಿಯಲ್ಲಿ ಸೈನಿಕ ಶಿಸ್ತು ಇತ್ತು, ಅಧಿಕಾರಿಯ ಗತ್ತೂ ಇತ್ತು. ಅದನ್ನು ಮೆಚ್ಚಬೇಕಿಲ್ಲ. ಆದರೆ ಮಣ್ಣಿನ ಪದರಗಳಿಗೆ ಅಂಕಿ ಕೊಡುವುದು, ಸಿಕ್ಕ ವಸ್ತುವಿನ ಜೊತೆಗೇ ಅದರ ಪದರದ ಗುರುತು ಬರೆಯುವುದು, ಕಂದಕದ ಗೋಡೆಯನ್ನು ಚಿತ್ರಿಸುವುದು ಇವೆಲ್ಲ ಅಲ್ಲಿ ಕೈಕಸುಬಾಗಿ ಕಲಿಸಲ್ಪಟ್ಟವು. ಎಂಟು ದಶಕಗಳ ನಂತರ ನಮ್ಮ ಪಠ್ಯಕ್ರಮದಲ್ಲಿ ವೀಲರ್ ಪ್ರಶ್ನೆಯಾಗಿ ಉಳಿದಿದ್ದಾರೆ, ಕಸುಬು ಉಳಿದಿಲ್ಲ.

ಕಸುಬು ಎಂದಾಗ ಏನನ್ನು ಹೇಳುತ್ತಿದ್ದೇನೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಧಾರವಾಡದ ಮೂಡಣಕ್ಕೆ ಹೋದರೆ ಎರೆಭೂಮಿ. ಎರೆಮಣ್ಣಿನಲ್ಲಿರುವ ಜೇಡಿಯ ಖನಿಜಗಳು ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕೈ ಇಳಿಯುವುದನ್ನು ರೈತರ ಮಕ್ಕಳೆಲ್ಲ ಬಲ್ಲರು. ಆ ಬಿರುಕಿನೊಳಗೆ ಮೇಲಿನ ಮಡಕೆ ಚೂರು, ಮಣಿ, ಇದ್ದಿಲು ಜಾರಿ ಬೀಳುತ್ತವೆ. ಮಳೆ ಬಂದಾಗ ಬಿರುಕು ಮುಚ್ಚಿಕೊಳ್ಳುತ್ತದೆ. ವರ್ಷವರ್ಷವೂ ಹೀಗೆ ನಡೆದರೆ ಮೇಲಿನ ಕಾಲದ ವಸ್ತು ಕೆಳಗಿನ ಕಾಲದ ಪದರದಲ್ಲಿ ಕುಳಿತುಬಿಡುತ್ತದೆ. ಪುಸ್ತಕದಲ್ಲಿರುವ ಅಚ್ಚುಕಟ್ಟಾದ ಪದರಗಳ ಚಿತ್ರವನ್ನು ಮಾತ್ರ ಕಂಡ ವಿದ್ಯಾರ್ಥಿಗೆ ಎರೆಹೊಲದ ಕಂದಕ ಒಂದೇ ಕಪ್ಪು ಗೋಡೆಯಂತೆ ಕಾಣುತ್ತದೆ. ಕರಣೆಯಿಂದ ಗೋಡೆಯನ್ನು ಕೆರೆದು, ತುಸು ನೀರು ಸಿಂಪಡಿಸಿ, ಓರೆ ಬಿಸಿಲಿನಲ್ಲಿ ನೋಡಿದರೆ ಮಾತ್ರ ಹಳೆಯ ಬಿರುಕಿನ ಜಾಡು, ಇಲಿಯ ಬಿಲ, ತೋಡಿ ಮುಚ್ಚಿದ ಗುಂಡಿಯ ಅಂಚು ತಿಳಿಯಬರುತ್ತವೆ. ಇದನ್ನು ನಾಲ್ಕು ದಿನದ ಪ್ರವಾಸದಲ್ಲಿ ಕಲಿಯಲಾಗದು. ಬೆರಳು ಮಣ್ಣಿಗೆ ಒಗ್ಗಬೇಕು.

ಇಲ್ಲಿ ತಪ್ಪಿದರೆ ಪ್ರಯೋಗಾಲಯ ಕಾಪಾಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇಂಗಾಲ-14ರ ಪರೀಕ್ಷೆಗೆ ಕಳಿಸಿದರಾಯಿತು, ಕಾಲ ತಾನಾಗಿ ತಿಳಿಯುತ್ತದೆ ಎನ್ನುವವರಿದ್ದಾರೆ. ಒಂದು ಸಣ್ಣ ಲೆಕ್ಕ ಮಾಡೋಣ. ಇಂಗಾಲ-14ರ ಅರ್ಧಾಯುಷ್ಯ ಸುಮಾರು 5,730 ವರ್ಷ. ಮೂರು ಸಾವಿರ ವರ್ಷ ಹಳೆಯ ಇದ್ದಿಲಿನಲ್ಲಿ ಶೇಕಡಾ ಒಂದರಷ್ಟು ಇಂದಿನ ಇಂಗಾಲ ಬೆರೆತರೆ ಫಲಿತಾಂಶ ಸುಮಾರು ನಲವತ್ತು ವರ್ಷ ಈಚೆಗೆ ಸರಿಯುತ್ತದೆ, ಅಷ್ಟೆ. ಅದೇ ಬೆರಕೆ ಮೂವತ್ತನಾಲ್ಕು ಸಾವಿರ ವರ್ಷದ ಮಾದರಿಯಲ್ಲಿ ಆದರೆ ತಪ್ಪು ಸುಮಾರು ನಾಲ್ಕು ಸಾವಿರ ವರ್ಷ. ನಮ್ಮ ನವಶಿಲಾಯುಗ ಮತ್ತು ಕಬ್ಬಿಣಯುಗದ ನೆಲೆಗಳ ಮಟ್ಟಿಗೆ ಬೆರಳು ತಾಗಿಸಿದ ಬೆರಕೆ ದೊಡ್ಡ ಶತ್ರುವಲ್ಲ ಎಂದಾಯಿತು. ದೊಡ್ಡ ಶತ್ರು ಎಂದರೆ ಇಲಿಯ ಬಿಲದಿಂದ ಹೆಕ್ಕಿದ ಇದ್ದಿಲು. ಅದು ಐನೂರು ವರ್ಷದ್ದಾಗಿದ್ದರೆ ಪ್ರಯೋಗಾಲಯ ಐನೂರು ಎಂದೇ ನಿಖರವಾಗಿ ಹೇಳುತ್ತದೆ. ಮೂರು ಸಾವಿರ ವರ್ಷದ ಪದರಕ್ಕೆ ಅದನ್ನು ಅಂಟಿಸಿದವರು ನಾವು. ಯಂತ್ರ ಎಷ್ಟೇ ಬೆಲೆಬಾಳಲಿ, ಕಂದಕದಲ್ಲಿ ಕುಳಿತವನ ಕಣ್ಣಿಗಿಂತ ಅದು ಹೆಚ್ಚು ತಿಳಿಯಲಾರದು.

ಧಾರವಾಡ ಜಿಲ್ಲೆಯದೇ ಒಂದು ಉದಾಹರಣೆ ಇದೆ. 2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿಯ ಕೆಲಸ ನಡೆದಾಗ ನೆಲದಡಿಯಲ್ಲಿ ಮನುಷ್ಯರ ತಲೆಬುರುಡೆಗಳು ಕಂಡವು. ಒಂದೆರಡಲ್ಲ, ನೂರಾರು. ರಾಜ್ಯದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಯುದ್ಧದ ಹತ್ಯಾಕಾಂಡವೇ, ಬರಗಾಲದ ಸಾವೇ, ಬೇರೇನಾದರೂ ಆಚರಣೆಯೇ ಎಂಬ ಊಹೆಗಳು ಹರಿದಾಡಿದವು. ಮಾದರಿಗಳನ್ನು ಕಾಲನಿರ್ಣಯಕ್ಕಾಗಿ ಹೊರಗಿನ ಪ್ರಯೋಗಾಲಯಕ್ಕೆ ಕಳಿಸಲಾಯಿತು. ಎಲ್ಲರೂ ಕಾಯುತ್ತಿದ್ದುದು ಆ ಒಂದು ಅಂಕಿಗೆ. ಆದರೆ ಇಂಗಾಲ-14 ಯಾವಾಗ ಎಂಬುದನ್ನು ಹೇಳುತ್ತದೆ, ಏಕೆ ಎಂಬುದನ್ನು ಹೇಳುವುದಿಲ್ಲ. ಸಾಲದ್ದಕ್ಕೆ ಸುಮಾರು 1650ರಿಂದ 1950ರವರೆಗಿನ ಅವಧಿಯಲ್ಲಿ ಕಾಲಶುದ್ಧಿಯ ವಕ್ರರೇಖೆ ಏರಿಳಿಯುವುದರಿಂದ ಆ ಮೂರು ಶತಮಾನಗಳೊಳಗಿನ ವಸ್ತುವಿಗೆ ಒಂದೇ ಖಚಿತ ವರ್ಷ ದೊರಕುವುದೂ ಕಷ್ಟ.

ಏಕೆ ಎಂಬುದಕ್ಕೆ ಉತ್ತರ ಬುರುಡೆಗಳು ನೆಲದಲ್ಲಿ ಕುಳಿತ ರೀತಿಯಲ್ಲಿ ಇರುತ್ತದೆ. ಕೆಳದವಡೆಯನ್ನು ಹಿಡಿದಿಡುವುದು ಮಾಂಸ ಮತ್ತು ಸ್ನಾಯು. ದೇಹ ಕೊಳೆತ ಮೇಲೆ ಬುರುಡೆಯನ್ನು ಎತ್ತಿ ಬೇರೆಡೆ ಇಟ್ಟರೆ ದವಡೆ ಕಳಚಿ ಹಿಂದೆ ಉಳಿಯುತ್ತದೆ. ದವಡೆಯೂ ಕತ್ತಿನ ಮೊದಲ ಒಂದೆರಡು ಮೂಳೆಗಳೂ ಬುರುಡೆಗೆ ಹೊಂದಿಕೊಂಡೇ ಇದ್ದರೆ, ತಲೆ ಹಸಿಯಾಗಿದ್ದಾಗಲೇ ಅಲ್ಲಿಗೆ ಬಂದಿತೆಂದು ಶಂಕಿಸಬೇಕು. ಆಗ ಕತ್ತಿನ ಮೂಳೆಯ ಮೇಲೆ ಕಡಿದ ಗುರುತನ್ನು ಹುಡುಕಬೇಕು. ಮಕ್ಕಳ ಹಲ್ಲು ಎಷ್ಟು, ಮುದುಕರ ಹಲ್ಲು ಎಷ್ಟು ಎಂದು ಎಣಿಸಿದರೆ ಇನ್ನೊಂದು ಸುಳಿವು ಸಿಗುತ್ತದೆ. ಬರ ಎಳೆಯರನ್ನೂ ವೃದ್ಧರನ್ನೂ ಮೊದಲು ಒಯ್ಯುತ್ತದೆ, ಕಾಳಗದಲ್ಲಿ ಸಾಯುವವರು ಬಹುಪಾಲು ಪ್ರಾಯದ ಗಂಡಸರು. ಇವುಗಳಲ್ಲಿ ಮೊದಲಿನ ಎರಡು ಅವಲೋಕನಗಳನ್ನು ಮಾಡಲು ಸಿಗುವುದು ಒಂದೇ ಅವಕಾಶ, ಬುರುಡೆಯನ್ನು ಎತ್ತುವ ಮುನ್ನ. ಇಂಥ ಕಡೆ ಮೊದಲ ದಿನ ಸ್ಥಳದಲ್ಲಿ ಇರುವವರು ಗುದ್ದಲಿ ಹಿಡಿದ ಕೂಲಿಕಾರರು, ಪೊಲೀಸರು ಮತ್ತು ನೋಡಲು ನೆರೆದ ಊರ ಜನ. ಮಾನವ ಅಸ್ಥಿಯನ್ನು ಓದಬಲ್ಲ ನಾಲ್ಕು ಯುವಕ ಯುವತಿಯರು ಒಂದು ತಾಸಿನ ದಾರಿಯಲ್ಲಿ ಇದ್ದಿದ್ದರೆ ಎಂದು ಕೇಳಿಕೊಳ್ಳಿ. ಆ ಪ್ರಶ್ನೆಯೇ ತರಬೇತಿಯ ಪ್ರಶ್ನೆ.

ಧಾರವಾಡದ ಸೀಮೆಗೆ ಇಂಥ ಓದು ಹೊಸದಲ್ಲ ಎಂಬುದು ಇನ್ನೂ ಬೇಸರದ ಸಂಗತಿ. ತುಂಗಭದ್ರೆಯ ದಂಡೆಯ ಹಳ್ಳೂರು, ಈಗಿನ ಹಾವೇರಿ ಜಿಲ್ಲೆಯ ಊರು, 1965ರ ಸುಮಾರಿಗೆ ಅಗೆಯಲ್ಪಟ್ಟಿತು. ಅಗೆದವರು ಎಂ.ಎಸ್. ನಾಗರಾಜರಾವ್, ಮುಂದೆ 1984ರಲ್ಲಿ ಸರ್ವೇಕ್ಷಣೆಯ ಮಹಾನಿರ್ದೇಶಕರಾದವರು. ಅಲ್ಲಿ ದೊರೆತ ಪ್ರಾಣಿಗಳ ಎಲುಬುಗಳನ್ನು ಓದಿದವರು ಕೆ.ಆರ್. ಆಲೂರ. ಅವರು ಪಶುವೈದ್ಯರು. ಜೀವಂತ ದನ, ಕುರಿ, ಕುದುರೆಗಳ ದೇಹವನ್ನು ಬಲ್ಲವರಾದ್ದರಿಂದ ಸತ್ತವುಗಳ ಮುರಿದ ಎಲುಬನ್ನು ಗುರುತಿಸಬಲ್ಲವರಾಗಿದ್ದರು. ಹಳ್ಳೂರಿನಲ್ಲಿ ಕುದುರೆಯ ಎಲುಬು ಇದೆ ಎಂದು ಅವರು ಹೇಳಿದ್ದು ವಿದ್ವಾಂಸರಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಆ ಚರ್ಚೆಯಲ್ಲಿ ನೀವು ಯಾವ ಪಕ್ಷದವರಾದರೂ ಆಗಿರಿ, ಒಂದು ಸಂಗತಿ ಗಮನಿಸಿ. ಪುರಾತತ್ತ್ವಕ್ಕೆ ಬೇಕಾದ ಅರಿವು ಪುರಾತತ್ತ್ವದ ಕಚೇರಿಯ ಹೊರಗೆ ಇತ್ತು, ಮತ್ತು ಅದನ್ನು ಕರೆತರುವ ಮನಸ್ಸು ಆ ಕಾಲದ ಉತ್ಖನನಕಾರರಿಗೆ ಇತ್ತು.

ಹಳ್ಳೂರಿನ ಕಾಳುಗಳ ಕಥೆ ಇನ್ನೂ ಸ್ವಾರಸ್ಯದ್ದು. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಿಷ್ಣು-ಮಿತ್ರೆ ಅವರು ಅಲ್ಲಿನ ಕರಿದ ಧಾನ್ಯದಲ್ಲಿ ರಾಗಿಯನ್ನು ಗುರುತಿಸಿದರು. ಆಫ್ರಿಕಾ ಮೂಲದ ರಾಗಿ ಅಷ್ಟು ಹಿಂದೆಯೇ ಕರ್ನಾಟಕಕ್ಕೆ ಬಂದಿತ್ತೆಂದು ಪಠ್ಯಗಳು ಬರೆದವು. ಮುಂದೆ ಡೋರಿಯನ್ ಫುಲ್ಲರ್ ಮೊದಲಾದವರು ಆ ಗುರುತನ್ನು ಪ್ರಶ್ನಿಸಿದರು. ಕರಿದ ಸಣ್ಣ ಕಾಳುಗಳಲ್ಲಿ ಒಂದನ್ನು ಇನ್ನೊಂದೆಂದು ತಿಳಿಯುವುದು ಸುಲಭ ಎಂಬುದು ಅವರ ವಾದ. ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಹಳ್ಳೂರು, ಸಂಗನಕಲ್ಲು ಮೊದಲಾದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಪರೀಕ್ಷಿಸಿದರು. 2004ರಲ್ಲಿ ಪ್ರಕಟವಾದ ಅವರ ಫಲಿತಾಂಶಗಳ ಪ್ರಕಾರ ದಕ್ಷಿಣದ ಮೊದಲ ಬೇಸಾಯಗಾರರ ಮುಖ್ಯ ಬೆಳೆಗಳು ಹುರುಳಿ, ಹೆಸರು ಮತ್ತು ಕೊರಲೆಯಂಥ ಕಿರುಧಾನ್ಯಗಳು. ತೇಲಿಸುವುದಕ್ಕೆ ಬೇಕಾದದ್ದು ಏನು ಬಲ್ಲಿರಾ? ಒಂದು ಬಕೆಟ್, ನೀರು, ಅರ್ಧ ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಜಾಲರಿ ಬಟ್ಟೆ. ಮಣ್ಣನ್ನು ನೀರಿಗೆ ಹಾಕಿ ಮೆಲ್ಲಗೆ ಕಲಕಿದರೆ ಮಣ್ಣು ತಳಕ್ಕೆ ಇಳಿಯುತ್ತದೆ, ಹಗುರವಾದ ಇದ್ದಿಲು, ಕರಿದ ಕಾಳುಗಳು ಮೇಲೆ ಬರುತ್ತವೆ. ಬಟ್ಟೆಯಲ್ಲಿ ಸೋಸಿ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಕಾಳು ಸಿಡಿದು ಹೋಳಾಗುತ್ತದೆ. ಕೋಟಿಗಟ್ಟಲೆ ಅನುದಾನ ಬೇಡುವ ಕೆಲಸವಲ್ಲ ಇದು. ಆದರೂ ಬಕೆಟ್ಟಿನಲ್ಲಿ ಒಮ್ಮೆಯೂ ಮಣ್ಣು ತೇಲಿಸದೆ ಸ್ನಾತಕೋತ್ತರ ಪದವಿ ಪಡೆಯಲು ಸಾಧ್ಯವಿದೆ.

ಇನ್ನೊಂದು ದಾರಿ ದೆಹಲಿಯ ಪಕ್ಕದ್ದು. ಸರ್ವೇಕ್ಷಣೆಯದೇ ಪುರಾತತ್ತ್ವ ಸಂಸ್ಥೆ ಗ್ರೇಟರ್ ನೋಯ್ಡಾದಲ್ಲಿದೆ. ಅದು ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಕೊಡುತ್ತದೆ. ಕಲಿಕೆ ಚೆನ್ನಾಗಿದೆ, ಕ್ಷೇತ್ರಕಾರ್ಯಕ್ಕೆ ಒತ್ತು ಇದೆ. ಆದರೆ ಇಡೀ ದೇಶಕ್ಕೆ ಸೇರಿ ಒಂದು ತಂಡಕ್ಕೆ ಹದಿನೈದರ ಆಸುಪಾಸಿನ ಸೀಟುಗಳು. ಕನ್ನಡಿಗರಿಗೆ ಅದರ ಬಾಗಿಲು ಹೇಗೆ ಕಾಣುತ್ತದೆ ಎಂಬುದಕ್ಕೆ 2020ರ ಅಕ್ಟೋಬರಿನ ಪ್ರಕರಣ ನೆನಪಿಸಿಕೊಂಡರೆ ಸಾಕು. ಆ ವರ್ಷದ ಪ್ರಕಟಣೆಯಲ್ಲಿ ಅರ್ಹತೆಯಾಗಿ ಸಂಸ್ಕೃತ, ಪಾಲಿ, ಪ್ರಾಕೃತ, ಅರೇಬಿಕ್, ಪರ್ಶಿಯನ್ ಭಾಷೆಗಳ ಸ್ನಾತಕೋತ್ತರ ಪದವಿಯನ್ನು ಹೆಸರಿಸಲಾಗಿತ್ತು. 2008ರಲ್ಲೇ ಶಾಸ್ತ್ರೀಯ ಸ್ಥಾನ ಪಡೆದ ಕನ್ನಡ ಅಲ್ಲಿರಲಿಲ್ಲ, ತಮಿಳೂ ಇರಲಿಲ್ಲ. ಸಾವಿರಾರು ಶಾಸನಗಳಿರುವ ಭಾಷೆಗಳು ಪುರಾತತ್ತ್ವ ಕಲಿಯುವ ಅರ್ಹತೆಯಿಂದ ಹೊರಗುಳಿದಿದ್ದವು. ತಮಿಳುನಾಡಿನಿಂದ ಜೋರಾಗಿ ಪ್ರತಿಭಟನೆ ಬಂದ ಮೇಲೆ ಪ್ರಕಟಣೆಯನ್ನು ತಿದ್ದಿ ತಮಿಳು, ಕನ್ನಡ, ತೆಲುಗು, ಮಲಯಾಳಂ, ಒಡಿಯಾಗಳನ್ನು ಸೇರಿಸಿದರು. ತಿದ್ದಿದ್ದು ಸಂತೋಷವೇ. ಆದರೆ ಬರೆಯುವಾಗ ನೆನಪಾಗದೆ ಇದ್ದದ್ದನ್ನು ನಾವು ಮರೆಯಬೇಕಿಲ್ಲ. ಹದಿನೈದು ಸೀಟುಗಳ ದಾರಿಯನ್ನೇ ನಂಬಿ ಕುಳಿತರೆ ಧಾರವಾಡದ ಒಂದು ತರಗತಿಗೂ ಸಾಲುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಸುಳ್ಳಲ್ಲ. ಕೆಲಸವೇ ಇಲ್ಲದ ಮೇಲೆ ತರಬೇತಿ ಕೊಟ್ಟು ಏನು ಮಾಡುವುದು? ಹುದ್ದೆಗಳು ಕಡಿಮೆ, ಖಾಲಿ ಇದ್ದವು ತುಂಬುವುದಿಲ್ಲ, ತುಂಬಿದರೆ ಗುತ್ತಿಗೆಯ ಮೇಲೆ. ಒಪ್ಪಿದೆ. ಆದರೆ ಮಾಡಬೇಕಾದ ಕೆಲಸ ಕಡಿಮೆ ಇದೆಯೇ? 2013ರಲ್ಲಿ ಮಹಾಲೇಖಪಾಲರ ವರದಿ, ಜಂಟಿಯಾಗಿ ತಪಾಸಣೆ ಮಾಡಿದ 1,655 ರಾಷ್ಟ್ರೀಯ ಸಂರಕ್ಷಿತ ಸ್ಮಾರಕಗಳಲ್ಲಿ 92 ಸ್ಥಳದಲ್ಲಿ ಸಿಗಲೇ ಇಲ್ಲ ಎಂದು ದಾಖಲಿಸಿತು. ಸಂರಕ್ಷಿತ ಎಂದು ಫಲಕ ಹಾಕಿದ ಸ್ಮಾರಕಗಳ ಗತಿಯೇ ಹೀಗಾದರೆ ಪಟ್ಟಿಯಲ್ಲಿ ಇಲ್ಲದ ಬೂದಿದಿಬ್ಬ, ವೀರಗಲ್ಲು, ಹಾಳುಬಿದ್ದ ಊರಿನ ಹಾಳುದಿಬ್ಬಗಳನ್ನು ಎಣಿಸುವವರು ಯಾರು? ಕೆಲಸ ರಾಶಿ ಬಿದ್ದಿದೆ. ಕೊರತೆ ಇರುವುದು ಅದಕ್ಕೆ ಸಂಬಳ ಕೊಡುವ ಕಾನೂನಿಗೆ.

ಕಾನೂನು ಎಂದದ್ದು ಏಕೆಂದರೆ, 1958ರ ಪುರಾತನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿ ಸಂರಕ್ಷಿತ ಸ್ಮಾರಕದಿಂದ 100 ಮೀಟರು ನಿಷೇಧಿತ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ ಎಂದಿತು. 300 ಮೀಟರು ದಾಟಿದ ಮೇಲೆ ಬುಲ್ಡೋಜರಿನ ಹಿಂದೆ ಪುರಾತತ್ತ್ವಜ್ಞನೊಬ್ಬ ನಿಂತಿರಬೇಕೆಂಬ ಕಡ್ಡಾಯ ರೂಢಿ ನಮ್ಮಲ್ಲಿ ಬೆಳೆದಿಲ್ಲ. ಹುಬ್ಬಳ್ಳಿ-ಧಾರವಾಡ ನಡುವಿನ ತ್ವರಿತ ಬಸ್ ಮಾರ್ಗವನ್ನೇ ನೋಡಿ. 2018ರಲ್ಲಿ ಬಸ್ಸುಗಳು ಓಡತೊಡಗಿದ ಈ ಇಪ್ಪತ್ತೆರಡು ಕಿಲೋಮೀಟರಿನ ದಾರಿ ಉಣಕಲ್ಲು, ಅಮರಗೋಳಗಳ ಹತ್ತಿರದಿಂದಲೇ ಹಾಯುತ್ತದೆ. ಎರಡೂ ಊರುಗಳಲ್ಲಿ ಚಾಲುಕ್ಯರ ಕಾಲದ ಗುಡಿಗಳಿವೆ. ಗುಡಿ ಇದ್ದಲ್ಲಿ ಊರೂ ಇತ್ತು. ಇಷ್ಟು ಉದ್ದದ ನೆಲ ಅಗೆಯುವಾಗ ಮಣ್ಣಿನ ಗೋಡೆಯನ್ನು ನೋಡುತ್ತ ನಡೆಯಲು ತರಬೇತಿಯ ಇಬ್ಬರು ಪದವೀಧರರಿಗೆ ತಿಂಗಳ ಸಂಬಳ ಕೊಡುವುದು ಇಂಥ ಯೋಜನೆಯ ವೆಚ್ಚದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದು. ಬ್ರಿಟನ್ನಿನಲ್ಲಿ 1990ರಲ್ಲಿ ಬಂದ ಯೋಜನಾ ನಿಯಮವೊಂದು ಈ ವೆಚ್ಚವನ್ನು ಕಟ್ಟಡ ಕಟ್ಟುವವರ ಮೇಲೆ ಹಾಕಿತು. ಅಲ್ಲಿ ಇಂದು ಕ್ಷೇತ್ರದಲ್ಲಿ ದುಡಿಯುವ ಪುರಾತತ್ತ್ವಜ್ಞರಲ್ಲಿ ಹೆಚ್ಚಿನವರು ಇಂಥ ಕೆಲಸದಲ್ಲೇ ಇದ್ದಾರೆ. ಸಂಬಳ ಕಡಿಮೆ, ಅಲೆದಾಟ ಹೆಚ್ಚು ಎಂಬ ದೂರು ಅಲ್ಲೂ ಇದೆ. ಆದರೆ ಕೆಲಸ ಇದೆ, ಮತ್ತು ಕೆಲಸ ಇದ್ದುದರಿಂದ ತರಬೇತಿಗೆ ಅರ್ಥ ಬಂದಿದೆ.

ಅಲ್ಲಿಂದ ನಾವು ಎರವಲು ತರಬೇಕಾದದ್ದು ಒಂದು ಚಿಕ್ಕ ಪುಸ್ತಕ. ಪುರಾತತ್ತ್ವ ಕೌಶಲಗಳ ಪಾಸ್‌ಪೋರ್ಟ್ ಎಂದು ಅದನ್ನು ಕರೆಯುತ್ತಾರೆ. ಕರಣೆಯಿಂದ ಸ್ವಚ್ಛಗೊಳಿಸುವುದು, ಛೇದಚಿತ್ರ ಬರೆಯುವುದು, ಮಟ್ಟ ಅಳೆಯುವುದು, ಮಣ್ಣಿನ ಮಾದರಿ ತೆಗೆಯುವುದು, ಛಾಯಾಚಿತ್ರ ತೆಗೆಯುವುದು ಮುಂತಾದ ಕೆಲಸಗಳು ಅದರಲ್ಲಿ ಒಂದೊಂದಾಗಿ ಇರುತ್ತವೆ. ವಿದ್ಯಾರ್ಥಿ ಯಾವ ಉತ್ಖನನಕ್ಕೆ ಹೋದರೂ ಪುಸ್ತಕ ಜೊತೆಗೆ ಹೋಗುತ್ತದೆ. ಮಾಡಿ ತೋರಿಸಿದ್ದಕ್ಕೆ ಅಲ್ಲಿನ ಮೇಲ್ವಿಚಾರಕರು ಸಹಿ ಹಾಕುತ್ತಾರೆ. ಕನ್ನಡದಲ್ಲಿ ಇಂಥದನ್ನು ಅಚ್ಚು ಹಾಕಲು ಎಷ್ಟು ಖರ್ಚಾದೀತು? ನಮ್ಮ ನೆಲಕ್ಕೆ ತಕ್ಕಂತೆ ಅದರಲ್ಲಿ ಶಾಸನದ ಪಡಿಯಚ್ಚು ತೆಗೆಯುವ ಒಂದು ಪುಟವನ್ನು ಸೇರಿಸಲೇಬೇಕು. ಕಲ್ಲನ್ನು ತೊಳೆದು, ನೆನೆಸಿದ ಕಾಗದ ಹೊದಿಸಿ, ಗಾಳಿ ಉಳಿಯದಂತೆ ಬಿರುಸು ಕುಂಚದಿಂದ ಬಡಿದು ಅಕ್ಷರದ ಗಾಡಿಯೊಳಕ್ಕೆ ಇಳಿಸಬೇಕು. ಅರೆ ಒಣಗಿದಾಗ ಮಸಿಯ ಬಟ್ಟೆಗಂಟಿನಿಂದ ಹಗುರವಾಗಿ ತಟ್ಟಿದರೆ ಕಪ್ಪಿನ ನಡುವೆ ಅಕ್ಷರ ಬಿಳಿಯಾಗಿ ಏಳುತ್ತದೆ. ಕೈ ಭಾರವಾದರೆ ಮಸಿ ಅಕ್ಷರದೊಳಕ್ಕೂ ಇಳಿದು ಎಲ್ಲವೂ ಹಾಳು. ಬೆಂಗಳೂರಿನ ಮಿಥಿಕ್ ಸೊಸೈಟಿ ಈಚಿನ ವರ್ಷಗಳಲ್ಲಿ ಊರಿನ ಸುತ್ತಲ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಸಂರಕ್ಷಿಸುತ್ತಿದೆ. ಸವೆದ ಅಕ್ಷರಗಳೂ ಅದರಲ್ಲಿ ಓದಲು ಬರುತ್ತವೆ. ಆ ಕೆಲಸಕ್ಕೆ ಮುಂದೆ ನಿಂತವರಲ್ಲಿ ಎಂಜಿನಿಯರಿಂಗ್ ಹಿನ್ನೆಲೆಯವರು ಇದ್ದಾರೆ. ಅವರನ್ನು ಅಭಿನಂದಿಸೋಣ. ಜೊತೆಗೆ ನಮ್ಮ ಶಾಸನಶಾಸ್ತ್ರದ ಪದವೀಧರರ ಕೈಗೆ ಸ್ಕ್ಯಾನರ್ ಏಕೆ ಬರಲಿಲ್ಲ ಎಂದೂ ಕೇಳೋಣ.

ನನ್ನ ಮುಖ್ಯ ಸಲಹೆ ಬೇರೆ. ಇಂಟರ್ನ್‌ಶಿಪ್ ಎಂದೊಡನೆ ನಾವು ವಿದ್ಯಾರ್ಥಿಯನ್ನು ಪುರಾತತ್ತ್ವದ ಕಚೇರಿಗೆ ಕಳಿಸುತ್ತೇವೆ. ಅಲ್ಲಿ ಅವನಿಗೆ ಮಾಡಲು ಕೊಡುವುದು ಬಹುಶಃ ಫೈಲಿನ ಪಟ್ಟಿ. ಆಲೂರರ ಉದಾಹರಣೆ ಬೇರೆ ದಾರಿ ತೋರಿಸುತ್ತದೆ. ಧಾರವಾಡದಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ಕಾಳು, ಮಣ್ಣು ಎರಡನ್ನೂ ಬಲ್ಲವರು ಅಲ್ಲಿದ್ದಾರೆ. ಹುಬ್ಬಳ್ಳಿಯಲ್ಲಿ ಜನ ಇಂದಿಗೂ ಕಿಮ್ಸ್ ಎನ್ನುವ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯ ಇದೆ. ಮನುಷ್ಯನ ಎಲುಬನ್ನು ಕೈಯಲ್ಲಿ ಹಿಡಿದು ಕಲಿಸುವ ಅಂಗರಚನಾ ವಿಭಾಗ ಅದರಲ್ಲಿದೆ. ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನದವರು ಕಲ್ಲಿನ ತೆಳುಪದರ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ದಿನವೂ ಮಾಡುತ್ತಾರೆ. ಮಡಕೆ ಚೂರನ್ನೂ ಹಾಗೆಯೇ ಕೊಯ್ದು ಅದರ ಮಣ್ಣು ಯಾವ ಹಳ್ಳದ್ದೆಂದು ಊಹಿಸಬಹುದು. 2016ರಲ್ಲಿ ಆರಂಭವಾದ ಐಐಟಿಯೂ ಇಲ್ಲಿದೆ. ಇವೆಲ್ಲ ಒಂದು ಬಸ್ ಪಾಸಿನ ಅಂತರದಲ್ಲಿವೆ. ಹೊಸ ಪದವೀಧರ ಆರು ವಾರ ಅಂಗರಚನಾ ವಿಭಾಗದಲ್ಲಿ, ಆರು ವಾರ ಬೀಜ ಪ್ರಯೋಗಾಲಯದಲ್ಲಿ, ಬೇಸಿಗೆಯ ಮೂರು ತಿಂಗಳು ಎಲ್ಲಾದರೊಂದು ಕಂದಕದಲ್ಲಿ ಕಳೆದರೆ, ಅವನಿಗೆ ಪುರಾತತ್ತ್ವದ ಹುದ್ದೆ ಸಿಗದಿದ್ದರೂ ನಾಲ್ಕು ಕಡೆ ಅನ್ನ ಹುಟ್ಟುವ ವಿದ್ಯೆ ಕೈಯಲ್ಲಿರುತ್ತದೆ.

ದುಡ್ಡು? ಈ ಪ್ರಶ್ನೆಯನ್ನು ಹಾರಿಸಿ ಹೋಗುವವರ ಮಾತನ್ನು ನಂಬಬೇಡಿ. ಪುಕ್ಕಟೆ ಇಂಟರ್ನ್‌ಶಿಪ್ ಎಂದರೆ ಮನೆಯಲ್ಲಿ ಅನುಕೂಲ ಇದ್ದವರಿಗೆ ಮಾತ್ರ ಇಂಟರ್ನ್‌ಶಿಪ್. ಕುಂದಗೋಳದಿಂದಲೋ ನವಲಗುಂದದಿಂದಲೋ ಬಂದು ಕೋಣೆ ಬಾಡಿಗೆ ಕಟ್ಟುವ ಹುಡುಗಿಗೆ ಮೂರು ತಿಂಗಳು ಸಂಬಳವಿಲ್ಲದೆ ದುಡಿ ಎಂದರೆ, ನಿನಗೆ ಈ ವಿದ್ಯೆ ಬೇಡ ಎಂದಂತೆಯೇ. 1961ರ ಶಿಶಿಕ್ಷು ಕಾಯಿದೆ 2014ರ ತಿದ್ದುಪಡಿಯ ನಂತರ ಎಂಜಿನಿಯರಿಂಗ್ ಓದದ ಪದವೀಧರರಿಗೂ ತೆರೆದಿದೆ. ಕಾರ್ಖಾನೆಗಳು ಅದನ್ನು ಬಳಸುತ್ತವೆ. ವಸ್ತುಸಂಗ್ರಹಾಲಯಗಳೂ ಸಂರಕ್ಷಣಾ ಕಚೇರಿಗಳೂ ಬಳಸಬೇಕು. ರಾಜ್ಯ ಸರಕಾರ ಯುವನಿಧಿಯಲ್ಲಿ ಕೆಲಸವಿಲ್ಲದ ಹೊಸ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯೋಜನೆಯನ್ನು 2024ರ ಜನವರಿಯಲ್ಲಿ ಜಾರಿಗೆ ತಂದಿತು. ಕೆಲಸವಿಲ್ಲದಿರುವುದಕ್ಕೆ ಕೊಡುವ ಹಣದ ಜೊತೆಗೆ ಕಲಿಯುವುದಕ್ಕೂ ಅಷ್ಟನ್ನೇ ಸೇರಿಸಿ ಕೊಟ್ಟರೆ ಕೋಣೆಯ ಬಾಡಿಗೆ, ಖಾನಾವಳಿಯ ಊಟ ನಡೆದೀತು.

ಈಗಷ್ಟೇ ಪದವಿ ಮುಗಿಸಿ ಈ ಪುಟ ಓದುತ್ತಿರುವ ಮಿತ್ರರೇ, ನಿಮ್ಮನ್ನು ಯಾರಾದರೂ ಇಂಟರ್ನ್‌ಶಿಪ್‌ಗೆ ಕರೆದರೆ ಎಷ್ಟು ದಿನ ಎಂದು ಕೇಳುವ ಮೊದಲು, ಮುಗಿದಾಗ ನನ್ನ ಕೈಬರಹದ ಯಾವ ದಾಖಲೆ ನಿಮ್ಮಲ್ಲಿ ಉಳಿಯುತ್ತದೆ ಎಂದು ಕೇಳಿ. ಕಂದಕದ ದಿನಚರಿಯೇ, ಮಡಕೆಯ ಅಳತೆಚಿತ್ರಗಳೇ, ಎಲುಬಿನ ಪಟ್ಟಿಯೇ? ಉತ್ತರ ಸಿಗದಿದ್ದರೆ ಯೋಚಿಸಿ. ಅಲ್ಲಿಯವರೆಗೆ ಮನೆಯಲ್ಲೇ ಮಾಡಬಹುದಾದ ಕೆಲಸವೊಂದಿದೆ. ಸಂತೆಯಿಂದ ಹುರುಳಿ, ಹೆಸರು, ನವಣೆ, ಸಾವೆ, ಬರಗು, ಕೊರಲೆ, ರಾಗಿಗಳನ್ನು ಒಂದೊಂದು ಹಿಡಿ ತನ್ನಿ. ಪ್ರತಿಯೊಂದರ ಅರ್ಧವನ್ನು ಹಾಗೆಯೇ ಇಡಿ. ಉಳಿದರ್ಧವನ್ನು ಹಳೆಯ ಬಾಣಲೆಯಲ್ಲಿ ಮರಳಿನಡಿ ಹೂತು, ಮೇಲೆ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಕಪ್ಪಾಗುವವರೆಗೆ ಇಡಿ. ಗಾಳಿ ತಾಗಿದರೆ ಬೂದಿಯಾಗುತ್ತದೆ, ಉರಿ ಹೆಚ್ಚಾದರೆ ಉಬ್ಬಿ ಆಕಾರ ಕೆಡುತ್ತದೆ. ಆರಿದ ಮೇಲೆ ಚಿಕ್ಕ ಡಬ್ಬಿಗಳಲ್ಲಿ ಹೆಸರು, ತಾರೀಖು ಬರೆದು ಇಟ್ಟುಕೊಳ್ಳಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ರಾಗಿಯನ್ನೂ ಸಾವೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಹಳ್ಳೂರಿನ ಕಾಳಿನ ಮೇಲೆ ವಿದ್ವಾಂಸರು ಏಕೆ ಜಗಳವಾಡಿದರು ಎಂಬುದು ನಿಮ್ಮ ಅಡಿಗೆಮನೆಯಲ್ಲೇ ತಿಳಿಯುತ್ತದೆ.